ಸಾವನದುರ್ಗ ಹತ್ತಲು ಒಪ್ಪದ ಅಣ್ಣ

ಅಣ್ಣ ತೀರಿಕೊಂಡರು ಎಂದು ಕಾರ್ಖಾನೆಯ ಗೆಳೆಯ ಸಲೀಂ ಫೋನ್ ಮಾಡಿದಾಗ ನಾನು ಶಿಫ್ಟ್ ಮುಗಿಸಿ ಬಂದು, ಬೂಟು ಕೂಡ ಬಿಚ್ಚದೆ ಮಂಚದ ಮೇಲೆ ಬಿದ್ದುಕೊಂಡಿದ್ದೆ. ಯಾವ ಅಣ್ಣ ಎಂದು ಕೇಳುವ ಅಗತ್ಯ ಬೀಳಲಿಲ್ಲ. ಬಿಡದಿಯ ಕಾರ್ಖಾನೆಯಲ್ಲಿ ವಯಸ್ಸಾದವರನ್ನೆಲ್ಲ ಅಣ್ಣ ಎಂದೇ ಕರೆದು ಅಭ್ಯಾಸ. ಆದರೆ ಸಲೀಂ ನನ್ನ ಹತ್ತಿರ ಬರೀ ಅಣ್ಣ ಎಂದರೆ ಅದು ಅವರೊಬ್ಬರೇ. ಎದ್ದು ಕೂತೆ. ದುಃಖವಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಅದಕ್ಕೂ ಮೊದಲು ಒಂದು ಹಳೆಯ ಆಯಾಸ ಮೈಗೆ ಬಂತು. ಒಂದು ಕಾಲದಲ್ಲಿ ಭಾನುವಾರ ಮಧ್ಯಾಹ್ನ ಮೆಟ್ಟಿಲ ಮೇಲೆ ಅವರ ಚಪ್ಪಲಿ ಸದ್ದು ಕೇಳಿದರೆ ಬರುತ್ತಿತ್ತಲ್ಲ, ಅದೇ ಆಯಾಸ. ಆ ಮನುಷ್ಯ ನಮ್ಮನ್ನು ಅಷ್ಟು ಸುಸ್ತು ಮಾಡಿದ್ದರು.

ನಾವೊಂದು ಆಟ ಆಡುತ್ತಿದ್ದೆವು. ಬಿಡದಿ ಸುತ್ತ ಕಾರ್ಖಾನೆಗಳು ಒಂದರ ಪಕ್ಕ ಒಂದು ಏಳುತ್ತಿದ್ದ ಕಾಲ ಅದು. ಕಂಪನಿಯವರು ನನ್ನನ್ನು ಟ್ರೇನಿಂಗಿಗೆಂದು ಪುಣೆಗೆ ಕಳಿಸಿದ್ದಾಗ ಹಾಸ್ಟೆಲಿನ ಹುಡುಗರು ಮೇಜಿನ ಸುತ್ತ ಕೂತು ಆಡುವುದನ್ನು ನೋಡಿದ್ದೆ. ಒಬ್ಬ ಕಥೆ ಹೇಳುತ್ತಾನೆ, ಉಳಿದವರು ಆ ಕಥೆಯೊಳಗೆ ಒಂದೊಂದು ಪಾತ್ರವಾಗುತ್ತಾರೆ. "ಎದುರಿಗೆ ಹೊಳೆ ಬಂತು, ಏನು ಮಾಡ್ತೀರಿ?" ಎಂದು ಕಥೆ ಹೇಳುವವನು ಕೇಳಿದರೆ, ಈಜುತ್ತೇನೆ ಎನ್ನುವವನು ದಾಳ ಹಾಕಬೇಕು. ಬಿದ್ದ ಸಂಖ್ಯೆ ನೋಡಿ ಅವನು ದಡ ಸೇರಿದನೋ ಮುಳುಗಿದನೋ ಎಂದು ತೀರ್ಮಾನ. ವೇಷವಿಲ್ಲ, ಪರದೆಯಿಲ್ಲ, ಕೂತಲ್ಲೇ ನಾಟಕ. ಅವರ ಕಥೆಯಲ್ಲಿ ಬೆಂಕಿ ಉಗುಳುವ ಸರ್ಪಗಳು, ಹಿಮದ ಬೆಟ್ಟಗಳು ಎಲ್ಲ ಇದ್ದವು. ರಾಮನಗರಕ್ಕೆ ವಾಪಸ್ಸು ಬಂದ ಮೇಲೆ ನಾನು ಅವನ್ನೆಲ್ಲ ತೆಗೆದುಹಾಕಿ ಪಾಳೇಗಾರರನ್ನೂ ನಮ್ಮ ಸಾವನದುರ್ಗದ ಬೆಟ್ಟವನ್ನೂ ತಂದು ಕೂರಿಸಿದೆ.

ರಾಮನಗರದ ಐಜೂರಿನಲ್ಲಿ ಮಹಡಿ ಮೇಲೆ ನನ್ನದೊಂದು ಬಾಡಿಗೆ ರೂಮಿತ್ತು. ಹೊರದೇಶದಿಂದ ಮಿಷಿನ್ನು ತುಂಬಿಕೊಂಡು ಬಂದಿದ್ದ ಪೆಟ್ಟಿಗೆಯ ಹಲಗೆಗಳನ್ನು ಜೋಡಿಸಿ ಮೇಜು ಮಾಡಿಕೊಂಡೆ. ದಾಳಕ್ಕೆ ಏನು ಮಾಡುವುದು ಎಂದಾಗ ಸಲೀಂ ಚನ್ನಪಟ್ಟಣದಿಂದ ಒಂದು ಬುಗುರಿ ತಂದ. ಅವರ ಮನೆಯಲ್ಲಿ ತಾತನ ಕಾಲದಿಂದ ಮರದ ಆಟದ ಸಾಮಾನು ಮಾಡುತ್ತಾರೆ. ಹಾಲೆ ಮರವನ್ನು ಕಡೆದು, ಅರಗಿನ ಬಣ್ಣ ಹಚ್ಚಿ, ಹೊಟ್ಟೆಯ ಸುತ್ತ ಆರು ಮುಖ ಕೆತ್ತಿ, ಒಂದೊಂದು ಮುಖಕ್ಕೂ ಒಂದರಿಂದ ಆರರವರೆಗೆ ಚುಕ್ಕಿ ಇಟ್ಟಿದ್ದ. ಬೆರಳಲ್ಲಿ ಹಿಡಿದು ತಿರುಗಿಸಿದರೆ ಮೇಜಿನ ಮೇಲೆಲ್ಲ ಓಡಾಡಿ, ಸುಸ್ತಾಗಿ ಬೀಳುತ್ತಿತ್ತು. ಮೇಲೆ ಬಂದ ಮುಖವೇ ಲೆಕ್ಕ.

ಆಗ ನಮಗೆ ಮದುವೆ ಇಲ್ಲ, ಮಕ್ಕಳಿಲ್ಲ. ವಾರವೆಲ್ಲ ಕಂಪನಿಯ ಸ್ಟೋರ್ಸಿನಲ್ಲಿ ಬೋಲ್ಟು ನಟ್ಟು ಲೆಕ್ಕ ಹಾಕಿ, ಸೂಪರ್‌ವೈಸರ್ ಬೈದದ್ದನ್ನು ಕೇಳಿಸಿಕೊಂಡು, ಕಂಪನಿ ಬಸ್ಸಿನಲ್ಲಿ ಕಿಟಕಿಗೆ ತಲೆ ಬಡಿಸಿಕೊಂಡು ನಿದ್ದೆ ಹೋಗುವ ನನಗೆ ಭಾನುವಾರದ ಆ ಮಧ್ಯಾಹ್ನವೊಂದೇ ನನ್ನದು ಅನ್ನಿಸುತ್ತಿತ್ತು. ಅದೂ ಇರದಿದ್ದರೆ ಕೆಲಸ ಬಿಟ್ಟು ನಮ್ಮೂರು ದೊಡ್ಡಆಲಹಳ್ಳಿಗೆ ಹೋಗಿ ನಮ್ಮಪ್ಪನ ಜೊತೆ ರೇಷ್ಮೆಹುಳಕ್ಕೆ ಸೊಪ್ಪು ಹಾಕಿಕೊಂಡು ಇದ್ದುಬಿಡುತ್ತಿದ್ದೆ. ಆದ್ದರಿಂದ ಆ ಆಟ ಕೆಡುವುದೆಂದರೆ ನನಗೆ ಬರೀ ಆಟ ಕೆಡುವುದಾಗಿರಲಿಲ್ಲ.

ಕಥೆ ಸುಲಭದ್ದೇ. ಸಾವನದುರ್ಗದ ಮೇಲಿನ ಕೋಟೆಯಲ್ಲಿ ಪಾಳೇಗಾರ ಒಬ್ಬ ನಾಟಿ ವೈದ್ಯನನ್ನು ಸೆರೆ ಹಾಕಿದ್ದಾನೆ. ಕಾಡು ದಾಟಿ, ಬಂಡೆ ಹತ್ತಿ, ಅವನನ್ನು ಬಿಡಿಸಿಕೊಂಡು ಬರಬೇಕು. ಡಿಸ್ಪ್ಯಾಚಿನಲ್ಲಿದ್ದ ಪುಟ್ಟಸ್ವಾಮಿ, ಮಾಗಡಿಯವನು, ಕತ್ತಿ ಕಾಳಯ್ಯ ಎಂಬ ವೀರನಾದ. ಸಲೀಂ ಗಿಡಮೂಲಿಕೆ ಗೊತ್ತಿರುವ ಹಕೀಮನಾದ. ಇಬ್ಬರು ಸಾಲದು, ಇನ್ನೊಬ್ಬರು ಬೇಕು ಎಂದು ಸಲೀಮನೇ ಅಣ್ಣನನ್ನು ಕರೆತಂದ. ನನ್ನ ಸ್ಟೋರ್ಸಿನಲ್ಲೇ ಟ್ರಾಲಿ ತಳ್ಳುವ ಕೆಲಸ ಅವರದು. ನಮಗಿಂತ ಬಹಳ ದೊಡ್ಡವರು. ಬೈರಮಂಗಲದ ಈಚೆಯ ಹಳ್ಳಿ. ಕುಳ್ಳಗೆ, ಗಟ್ಟಿಮುಟ್ಟಾಗಿ, ಕಂಪನಿಯ ನೀಲಿ ಅಂಗಿಯ ಮೇಲೆ ಹೆಗಲಿಗೊಂದು ಟವೆಲ್. ಟವೆಲ್ ಹಾಕಬಾರದು ಎಂದು ಸೆಕ್ಯೂರಿಟಿಯವರು ಹೇಳಿ ಹೇಳಿ ಸಾಕಾಗಿ ಬಿಟ್ಟಿದ್ದರು. ಅವರನ್ನು ಬಲ್ಲವರೆಲ್ಲ ಯಾವುದೋ ಒಂದು ವಿಷಯದಲ್ಲಿ ಹೀಗೆ ಸಾಕಾಗಿ ಬಿಟ್ಟವರೇ.

ಮೊದಲ ದಿನ ಒಂದು ಚೀಲ ಬೇಯಿಸಿದ ಕಡಲೆಕಾಯಿ ತಂದು ಮೇಜಿನ ಮೇಲೆ ಸುರಿದರು. ಆಟವನ್ನು ವಿವರಿಸಿದೆ. ತಲೆಯಾಡಿಸಿದರು. ನಿಮ್ಮ ಪಾತ್ರದ ಹೆಸರೇನು ಎಂದರೆ, "ಹೆಸರ್ಯಾಕೆ, ಕರುದ್ರೆ ಬತ್ತೀನಿ" ಎಂದರು. ನಾನು ಕಥೆ ಶುರುಮಾಡಿ, ಕತ್ತಲಾಗುವ ಮುಂಚೆ ಕಾಡು ದಾಟಬೇಕು, ಹೊರಡಿ ಎಂದೆ. ಪುಟ್ಟಸ್ವಾಮಿ ಕತ್ತಿ ಹಿರಿದ. ಸಲೀಂ ಜೋಳಿಗೆ ಹೆಗಲಿಗೇರಿಸಿದ.

"ಒಸಿ ತಡೀರಪ್ಪ," ಎಂದರು ಅಣ್ಣ. "ನಾನು ಬರಾಕಾಗಲ್ಲ. ಮನೇಲಿ ಹಸ ಐತೆ."

"ಯಾವ ಹಸ ಅಣ್ಣ? ಕಥೇಲಿ ಹಸ ಇಲ್ಲ," ಎಂದೆ.

"ಹಸ ಇಲ್ದಿರೋ ಮನೆ ಎಲ್ಲೈತೆ? ಕಟ್ಟಾಕಿ ಹೋದ್ರೆ ನೀರು ಕುಡುಸೋರ್ಯಾರು?"

ಆ ಮಧ್ಯಾಹ್ನವೆಲ್ಲ ಹಸುವಿನ ವ್ಯವಸ್ಥೆಯಲ್ಲೇ ಕಳೆಯಿತು. ಪಕ್ಕದ ಮನೆಯವರಿಗೆ ಹೇಳಬೇಕು, ಪಕ್ಕದ ಮನೆಯವರ ಸ್ವಭಾವ ಎಂಥದ್ದು, ಅವರಿಗೂ ತಮಗೂ ಬದುವಿನ ಜಗಳ ಇರುವುದರಿಂದ ಹೇಳಲಾಗದು, ಹಾಗಾದರೆ ಆಚೆ ಬೀದಿಯವರಿಗೆ. ಅಣ್ಣ ಒಂದೊಂದನ್ನೂ ಎಳೆ ಎಳೆಯಾಗಿ ಬಿಡಿಸಿದರು. ಕತ್ತಿ ಹಿರಿದ ಪುಟ್ಟಸ್ವಾಮಿ ಕಡಲೆಕಾಯಿ ಸುಲಿದು ತಿನ್ನುತ್ತಾ ಕೂತ.

ಮುಂದಿನ ವಾರಗಳಲ್ಲೂ ಇದೇ ಹಾಡು. ಅವರ ಪಾತ್ರ ಬೆಟ್ಟದ ಬುಡದಲ್ಲಿ ಒಂದು ತುಂಡು ಹೊಲ ಹಿಡಿದು ರಾಗಿ ಹಾಕಿತು. ರಾಗಿ ಪೈರು ಇನ್ನೂ ಎಳೆಯದು, ಬಿಟ್ಟು ಬರಾಕಾಗಲ್ಲ. ಆಮೇಲೆ ಹಂದಿ ಕಾಟ, ಕಾವಲು ಕಾಯಬೇಕು. ಆಮೇಲೆ ಕುಯ್ಲು. ತಮ್ಮ ಸರದಿಯಲ್ಲಿ ಹೀಗೆ. ಬೇರೆಯವರ ಸರದಿಯಲ್ಲಿ ಬಾಯಿ ಹಾಕುವುದು. "ಸಲೀಮ, ನೀನು ಆ ಕಡೆ ಹೋಗ್ಬ್ಯಾಡ ಕಣ್ಲಾ, ಮುಳ್ಳು ಐತೆ." ಮುಳ್ಳು ಇದೆಯೋ ಇಲ್ಲವೋ ಹೇಳಬೇಕಾದವನು ನಾನು! ನಡುವೆ ಟವೆಲ್ ತಲೆಗಿಟ್ಟುಕೊಂಡು ಸಣ್ಣ ನಿದ್ದೆ. ಎದ್ದವರೇ, "ಎಲ್ಲಿಗೆ ಬಂತು? ಮೊದ್ಲಿಂದ ಒಸಿ ಹೇಳು."

ಬುಗುರಿಯ ಜೊತೆಗಂತೂ ಅವರದು ಬೇರೆಯೇ ವ್ಯವಹಾರ. ತಿರುಗಿಸುತ್ತಿದ್ದರು, ಅದು ಓಲಾಡಲು ಶುರುವಾದ ಕೂಡಲೇ ಬೀಳುವ ಮುಂಚೆ ಗಬಕ್ಕನೆ ಕೈ ಮುಚ್ಚಿಬಿಡುತ್ತಿದ್ದರು. "ಇದು ಲೆಕ್ಕ ಇಲ್ಲ. ಹಲಗೆ ಸಂದಿಗೆ ಸಿಕ್ಕಾಕಂತು." ಒಂದೊಂದು ಸಲ ಗಾಳಿ ಬೀಸಿರುತ್ತಿತ್ತು, ಇನ್ನೊಂದು ಸಲ ಪುಟ್ಟಸ್ವಾಮಿ ಮೇಜಿಗೆ ಮೊಣಕೈ ಊರಿರುತ್ತಿದ್ದ. ಆ ಬುಗುರಿ ಅವರ ಕೈಯಲ್ಲಿ ಪೂರ್ತಿ ಬಿದ್ದದ್ದನ್ನು ನಾವು ಕಂಡೇ ಇರಲಿಲ್ಲ.

ಎಲ್ಲಕ್ಕಿಂತ ದೊಡ್ಡ ಕಾಟವೆಂದರೆ ಅವರ ಪ್ರಶ್ನೆ. ಪುಟ್ಟಸ್ವಾಮಿ ಬಹಳ ದಿನದಿಂದ ಕಾದಿದ್ದ ಹೊಡೆದಾಟವೊಂದನ್ನು ಕೊನೆಗೂ ತಂದಿದ್ದೆ. ಕಾಡಿನ ದಾರಿಯಲ್ಲಿ ದರೋಡೆಕೋರರ ಗುಂಪು, ನಾಯಕನಿಗೆ ಭಾರಿ ಮೀಸೆ, ಕೈಯಲ್ಲಿ ಭರ್ಜಿ. ಪುಟ್ಟಸ್ವಾಮಿ ಅಂಗೈ ಉಜ್ಜಿಕೊಂಡು ಬುಗುರಿಗೆ ಕೈಯಿಟ್ಟ.

"ಒಸಿ ತಡಿ," ಎಂದರು ಅಣ್ಣ, ಆವತ್ತು ಕಥೆಯೊಳಗೆ ಏನೋ ಸೌದೆಗೆಂದು ಕಾಡಿಗೆ ಬಂದಿದ್ದವರು. ನೇರವಾಗಿ ನನ್ನನ್ನೇ ನೋಡಿ, "ಏನಪ್ಪಾ, ಯಾವೂರು ನಿಂದು? ಯಾರ ಪೈಕಿ?"

ದರೋಡೆಕೋರರ ನಾಯಕನ ಪರವಾಗಿ ನಾನು ಉತ್ತರ ಕೊಡಬೇಕಲ್ಲ. ಬಾಯಿಗೆ ಬಂದದ್ದು, "ಕೂಟಗಲ್ ಕಡೆ" ಎಂದೆ. ಅದೇ ತಪ್ಪಾಯಿತು. ಕೂಟಗಲ್‌ನಲ್ಲಿ ಯಾರ ಮನೆ, ಅವರ ಹೆಣ್ಣು ಕೊಟ್ಟದ್ದು ಎಲ್ಲಿಗೆ, ಅವರಿಗೂ ಇವರಿಗೂ ಹೇಗೆ ಬಳಕೆ ಎಂದು ಕೇಳುತ್ತಾ ಹೋಗಿ ಕಾಲು ಗಂಟೆಯಲ್ಲಿ ಆ ದರೋಡೆಕೋರನನ್ನು ತಮ್ಮ ಷಡ್ಡಕನ ತಮ್ಮನನ್ನಾಗಿ ಮಾಡಿಬಿಟ್ಟರು. ನೆಂಟನ ಮೇಲೆ ಕೈಯೆತ್ತುವುದು ಹೇಗೆ? ಭರ್ಜಿ ಕೆಳಗಿಟ್ಟು ಎಲ್ಲರೂ ಅಣ್ಣನ ಮನೆಗೆ ಮುದ್ದೆ ಊಟಕ್ಕೆ ಹೋದರು. ಪುಟ್ಟಸ್ವಾಮಿಯ ಮುಖ ನೋಡಲಾಗುತ್ತಿರಲಿಲ್ಲ.

ಇದು ಆಟದಲ್ಲಿ ಮಾತ್ರವಲ್ಲ. ಕಾರ್ಖಾನೆಯಲ್ಲಿ ಹೊಸಬರು ಯಾರೇ ಬಂದರೂ ಟ್ರಾಲಿ ನಿಲ್ಲಿಸಿ ಇದೇ ಪ್ರಶ್ನೆ. ನಮ್ಮ ಕಡೆ ಎಲ್ಲರೂ ಕೇಳುತ್ತಾರೆ. ಆದರೆ ಉತ್ತರ ಸಿಕ್ಕ ಮೇಲೆ ಬಿಡುತ್ತಾರೆ. ಅಣ್ಣ ಎಲ್ಲಾದರೂ ಒಂದು ಗಂಟು ಬೀಳುವವರೆಗೂ ಬಿಡುತ್ತಿರಲಿಲ್ಲ. ಸಲೀಮನನ್ನೂ ಮೊದಲ ದಿನವೇ ಕೇಳಿದ್ದರಂತೆ. ಅವನು, ನಮ್ಮ ತಾತ ಬೈರಮಂಗಲದ ಕಡೆ ಸಂತೆಗಳಲ್ಲಿ ಆಟದ ಸಾಮಾನು ಮಾರುತ್ತಿದ್ದರು ಎಂದನಂತೆ. "ಹಂಗಾರೆ ನಾನು ಹುಡುಗ್ನಾಗಿದ್ದಾಗ ತಳ್ಳಿದ ಗಾಡಿ ನಿಮ್ ತಾತಂದೇ. ನಮ್ಮೋನೇ ಕಣ್ಲಾ ನೀನು," ಎಂದು ಹೆಗಲು ತಟ್ಟಿದ್ದರಂತೆ. ಅದಕ್ಕೇ ಸಲೀಂ ಅವರ ಬಗ್ಗೆ ಒಂದು ಮಾತೂ ಆಡಗೊಡುತ್ತಿರಲಿಲ್ಲ.

ಸ್ಟೋರ್ಸಿನಲ್ಲೂ ನನಗೆ ಅವರಿಂದ ತಲೆನೋವೇ. ಟ್ರಾಲಿಯನ್ನು ನೇರ ದಾರಿಯಲ್ಲಿ ತರದೆ ಮೂರನೇ ಬೇ ಎನ್ನುವ ಅಂಕಣದ ಹತ್ತಿರ ಸುತ್ತು ಹಾಕಿಕೊಂಡು ಬರುತ್ತಿದ್ದರು. ನುಣ್ಣಗಿನ ಕಾಂಕ್ರೀಟು ನೆಲ, ಒಂದು ಗುಂಡಿಯಿಲ್ಲ. ಜೋಡಣೆಯ ಲೈನಿನವರು ಸಾಮಾನಿಗೆ ಕಾದು ನನ್ನ ಮೇಲೆ ರೇಗುತ್ತಿದ್ದರು. ಯಾಕಣ್ಣ ಸುತ್ತಿಕೊಂಡು ಬರ್ತೀರಿ ಎಂದರೆ, "ಬತ್ತೀನಿ ಬುಡು" ಎನ್ನುವುದು. ಸಲೀಮನೇ ಒಂದು ದಿನ ಕ್ಯಾಂಟೀನಿನಲ್ಲಿ ಮೆಲ್ಲಗೆ ಹೇಳಿದ: "ಅಲ್ಲಿ ಅವರ ಬಾವಿ ಇತ್ತಂತೆ ಕಣೋ. ಕಾರ್ಖಾನೆ ಆ ಕಡೆ ಅರ್ಧ ನಿಂತಿರೋದು ಅವರ ಹೊಲದ ಮೇಲೆ. ಜಮೀನು ಕೊಟ್ಟೋರ ಕೋಟಾದಲ್ಲೇ ಕೆಲಸ ಸಿಕ್ಕಿರೋದು." ಅಂದಿನಿಂದ ಟ್ರಾಲಿಯ ವಿಷಯ ಎತ್ತುವುದನ್ನು ಬಿಟ್ಟೆ. ಬಾವಿಯನ್ನು ತುಳಿದುಕೊಂಡು ಬನ್ನಿ ಎಂದು ಯಾವ ಬಾಯಲ್ಲಿ ಹೇಳುವುದು?

ಆದರೆ ಆಟ? ಆಟ ಬೆಟ್ಟದ ಬುಡದಲ್ಲೇ ನಿಂತಿತ್ತು. ನಾನು ಅವರನ್ನು ಪಕ್ಕಕ್ಕೆ ಕರೆದು ಹೇಳಿ ನೋಡಿದೆ. ಕಥೆ ಮುಂದಕ್ಕೆ ಹೋಗಬೇಕಲ್ಲವಾ ಅಣ್ಣ ಎಂದೆ. "ಹೂಂ ಮತ್ತೆ, ಹೋಗ್ಲೇಬೇಕು," ಎಂದು ನನಗಿಂತ ಜೋರಾಗಿ ಒಪ್ಪಿಕೊಂಡರು. ಮುಂದಿನ ಭಾನುವಾರ ಹಸು ಗಬ್ಬವಾಗಿತ್ತು. ಪುಟ್ಟಸ್ವಾಮಿ ಒಮ್ಮೆ ಅವರಿಗೆ ತಿಳಿಸದೆ ಶನಿವಾರಕ್ಕೆ ಆಟ ಬದಲಾಯಿಸಿದ. ಸಂತೆಗೆಂದು ರಾಮನಗರಕ್ಕೆ ಬಂದಿದ್ದವರು ಕೆಳಗೆ ಸಲೀಮನ ಸ್ಕೂಟರ್ ಕಂಡು ಮೇಲೆ ಹತ್ತಿ ಬಂದೇಬಿಟ್ಟರು. "ಇವತ್ತೂ ಐತಾ? ಒಳ್ಳೇದಾಯ್ತು ಬುಡಿ," ಎಂದು ಸಂತೋಷಪಟ್ಟು ಕೂತರು. ಬರಬೇಡಿ ಎಂದು ನೇರ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಕೈಯಲ್ಲಿ ಕಡಲೆಕಾಯಿ ಚೀಲ ಹಿಡಿದು ಬಂದ ಹಿರಿಯರಿಗೆ ಬಾಗಿಲಲ್ಲಿ ನಿಂತು ಹಾಗೆ ಹೇಳುವ ವಿದ್ಯೆ ನಮ್ಮ ಕಡೆ ಯಾರಿಗೂ ಬಾರದು.

ಕೊನೆಗೆ ಪುಟ್ಟಸ್ವಾಮಿ ಕೈಚೆಲ್ಲಿದ. "ನೋಡ್ಲಾ, ಒಂದು ಅವ್ರು ಇರ್ಬೇಕು, ಇಲ್ಲ ನಾನು. ಸಾಯೋತಂಕ ಹಸ ಮೇಯ್ಸಾಕೆ ನಾನೇನು ಮಾಗಡಿಯಿಂದ ಬರ್ಬೇಕಾ?" ಅವನು ಹೋದರೆ ಸಲೀಂ ಬರುವುದೂ ನಿಲ್ಲುತ್ತಿತ್ತು. ಕತ್ತಿ ಹಿಡಿಯುವವನೇ ಇಲ್ಲದಿದ್ದರೆ ಹಕೀಮನೊಬ್ಬ ಬಂದು ಏನು ಮಾಡಬೇಕು? ನನ್ನ ಭಾನುವಾರ ಮುಗಿಯಿತು ಎಂದುಕೊಂಡೆ. ಆಗ ಅವನೇ ಒಂದು ದಾರಿ ಹೇಳಿದ: ಕೆಲವು ವಾರ ಕಥೆ ನಾನು ಹೇಳುತ್ತೇನೆ, ನೀನು ಪಾತ್ರ ಮಾಡು, ಅಣ್ಣನನ್ನು ಆ ಹೊಲದಿಂದ ಎಬ್ಬಿಸುವುದು ಹೇಗೆಂದು ನನಗೆ ಗೊತ್ತು. ನನಗೂ ಕಥೆ ಹೇಳಿ ಹೇಳಿ ದಣಿವಾಗಿತ್ತು. ಒಪ್ಪಿದೆ.

ಆ ಭಾನುವಾರ ಅಣ್ಣ ಎಂದಿನಂತೆ ಟವೆಲ್ ಕೊಡವಿ ಕೂತರು. ಪುಟ್ಟಸ್ವಾಮಿ ಶುರುಮಾಡಿದ.

"ಅಣ್ಣ, ನಿಮ್ಮ ಹೊಲದ ಹತ್ರ ಕುದುರೆ ಮೇಲೆ ಒಬ್ಬ ಬತ್ತಾವ್ನೆ. ಪಾಳೇಗಾರನ ಕಡೆಯೋನು. ಕೋಟೆ ದೊಡ್ಡದು ಮಾಡ್ಬೇಕಂತೆ, ಹೊಲ ಬುಟ್ಕೊಡಿ ಅಂತಾನೆ."

"ಒಸಿ ತಡಿ," ಎಂದರು ಅಣ್ಣ, ಕಡಲೆಕಾಯಿ ಸುಲಿಯುತ್ತಲೇ. "ಯಾವೂರೋನು? ಯಾರ ಪೈಕಿ?"

ಪುಟ್ಟಸ್ವಾಮಿ ಇದನ್ನೇ ಕಾದಿದ್ದ. ನೆಂಟ ಎಂದರೆ ಅಣ್ಣ ಜಗಳವಿಲ್ಲದೆ ಒಪ್ಪಿಕೊಳ್ಳುತ್ತಾರೆ ಎಂಬುದು ಅವನ ಲೆಕ್ಕ. ಟ್ರಾಲಿ ಯಾಕೆ ಸುತ್ತು ಹಾಕುತ್ತದೆ ಎಂಬುದು ಡಿಸ್ಪ್ಯಾಚಿನಲ್ಲಿದ್ದ ಅವನಿಗೆ ಗೊತ್ತಿರಲಿಲ್ಲ.

"ನಿಮ್ ಪೈಕಿನೇ ಕಣಣ್ಣ. ಸೋದರತ್ತೆ ಕಡೆ ಸಂಬಂಧ. 'ನಾನಿರುವಾಗ ನಿಮಗೆ ಮೋಸ ಆಗಾಕ್ ಬುಡ್ತೀನಾ, ಹೆಬ್ಬೆಟ್ಟು ಒತ್ತಿ' ಅಂತಾವ್ನೆ."

ಅಣ್ಣನ ಕೈ ನಿಂತಿತು. ಸಲೀಂ ನನ್ನ ಮುಖ ನೋಡಿದ. ನಾನು ಮೇಜು ನೋಡಿದೆ.

"ಆವತ್ತೂ ಹಿಂಗೇ ಅಂದ," ಎಂದರು ಅಣ್ಣ.

"ಯಾರಣ್ಣ?" ಎಂದ ಪುಟ್ಟಸ್ವಾಮಿ.

"ನಮ್ ಹೊಲ ಕೇಳಾಕೆ ಬಂದಿದ್ನಲ್ಲ, ಅವ್ನು. ಯಾವೂರಪ್ಪ ಅಂದೆ. ನಮ್ ಸೋದರತ್ತೆ ಮೈದುನನ ಮಗ. ನಮ್ ಪೈಕಿಯೋನೇ ಬಂದವ್ನೆ ಅಂದ್ಮೇಲೆ ಇನ್ನೇನು ಅಂತ, ಊರಿಗೆಲ್ಲ ಮೊದ್ಲು ನಾನೇ ಒತ್ತಿದ್ದು. ಅವ್ನೇ ಒತ್ತವ್ನೆ ಅಂತ ನನ್ ನೋಡ್ಕಂಡು ಮಿಕ್ಕೋರೂ ಒತ್ತುದ್ರು."

ಪುಟ್ಟಸ್ವಾಮಿಯ ಮುಖದ ಬಣ್ಣ ಇಳಿದುಹೋಗಿತ್ತು. "ಅಣ್ಣ, ಈ ಕಥೆ ಬ್ಯಾಡ, ಬುಡಿ. ಕುದುರೆಯೋನು ಹಂಗೇ ಮುಂದಕ್ಕೆ ಹೋದ ಅಂತ ಇಟ್ಕೊಳನ," ಎಂದ.

"ಇಲ್ಲ, ಬಂದವ್ನೆ ಅಂದ್ಯಲ್ಲ, ಬಂದ. ತತ್ತಾ ಬುಗುರಿ."

"ಏನ್ಮಾಡ್ತೀರಣ್ಣ?"

"ಹೊಡೀತೀನಿ."

ಹಂದಿ ಬಂದಾಗಲೂ, ದರೋಡೆಕೋರರು ಬಂದಾಗಲೂ ಆ ಮಾತು ಅವರ ಬಾಯಲ್ಲಿ ಬಂದಿರಲಿಲ್ಲ. ಕುದುರೆಯವನ ಪರವಾಗಿ ಪುಟ್ಟಸ್ವಾಮಿ ತಿರುಗಿಸಿದ. ನಾಲ್ಕು ಬಿತ್ತು. ಅಣ್ಣ ಬುಗುರಿಯನ್ನು ಟವೆಲಿನಲ್ಲಿ ಒರೆಸಿ ಜೋರಾಗಿ ತಿರುಗಿಸಿದರು. ಅದು ಹಲಗೆಯ ಮೇಲೆಲ್ಲ ಓಡಿತು, ಕಡಲೆಕಾಯಿ ಸಿಪ್ಪೆಗೆ ತಾಗಿ ತಿರುಗಿ ಬಂತು, ಓಲಾಡಲು ಶುರುವಾಯಿತು. ಈಗ ಕೈ ಮುಚ್ಚುತ್ತಾರೆ ಎಂದು ನಾವು ಮೂವರೂ ಕಾದೆವು. ಮುಚ್ಚಲಿ ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅವರ ಕೈ ತೊಡೆಯ ಮೇಲಿಂದ ಏಳಲಿಲ್ಲ.

ಬುಗುರಿ ಬಿತ್ತು. ಎರಡು.

"ಅಣ್ಣ, ಹಲಗೆ ಸಂದಿಗೆ ಸಿಕ್ಕಾಕಂತು ಅದು," ಎಂದ ಪುಟ್ಟಸ್ವಾಮಿ ಅವಸರದಲ್ಲಿ. "ಲೆಕ್ಕ ಇಲ್ಲ. ಇನ್ನೊಂದ್ಸಲ ತಿರುಗ್ಸಿ."

"ಬಿದ್ದುದ್ದು ಬಿತ್ತು ಕಣಪ್ಪ. ಆವತ್ತು ಬಾಯಿ ತೆಗ್ದು ಒಂದ್ ಮಾತು ಬ್ಯಾಡ ಅನ್ನಲಿಲ್ಲ, ಕೊಟ್ಬುಟ್ಟೆ. ಇವತ್ತು ಹೊಡೆದಾಡಿ ಸೋತೆ. ಎಲ್ಡೂ ಒಂದೇ ಆಗಾಕಿಲ್ಲ." ಟವೆಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು. "ನಡೀರಿ. ಎಲ್ಲಿಗೋ ಹೋಗ್ಬೇಕು ಅಂತಿದ್ರಲ್ಲ."

"ಹಸ ಏನ್ಮಾಡ್ತೀರಣ್ಣ?" ಎಂದು ಕೇಳಿದ ಸಲೀಂ.

"ಹಗ್ಗ ಬಿಚ್ಬುಟ್ಟೆ. ಎಲ್ಲಾರ ಮೇಯ್ಕತದೆ."

ಅಂದಿನಿಂದ ಅಣ್ಣನಂಥ ಆಟಗಾರ ಇನ್ನೊಬ್ಬರಿಲ್ಲ. ಸರದಿ ಬಂದಾಗ ಆಡುತ್ತಿದ್ದರು, ಬುಗುರಿ ಬಿದ್ದದ್ದನ್ನು ಒಪ್ಪಿಕೊಳ್ಳುತ್ತಿದ್ದರು, ಬೇರೆಯವರ ಸರದಿಯಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ಎದುರಿಗೆ ಬಂದವರನ್ನು ಯಾವೂರು ಎಂದು ಕೇಳಲಿಲ್ಲ. ಒಸಿ ತಡೀರಿ ಎನ್ನಲಿಲ್ಲ. ನಾವು ತಿಂಗಳುಗಟ್ಟಲೆ ಏನು ಬೇಡಿಕೊಂಡಿದ್ದೆವೋ ಅದೆಲ್ಲ ಸಿಕ್ಕಿತ್ತು. ಕಥೆ ಹೇಳುವುದು ಮತ್ತೆ ನನಗೇ ಬಂತು; ಕೆಲವೇ ವಾರಗಳಲ್ಲಿ ಬಂಡೆ ಹತ್ತಿದೆವು, ಕೋಟೆಯ ಬಾಗಿಲು ಮುರಿದೆವು, ವೈದ್ಯನನ್ನು ಬಿಡಿಸಿದೆವು. ಪುಟ್ಟಸ್ವಾಮಿಗೆ ಬೇಕಾದಷ್ಟು ಹೊಡೆದಾಟ ಸಿಕ್ಕಿತು. ಒಂದರಲ್ಲೂ ಅವನು ಅಂಗೈ ಉಜ್ಜಿಕೊಳ್ಳಲಿಲ್ಲ. ಒಮ್ಮೆ ಅವನೇ, ಕಾವಲುಗಾರನನ್ನು ತೋರಿಸಿ, "ಅಣ್ಣ, ಇವ್ನು ಯಾರ ಪೈಕಿ ಅಂತ ಕೇಳಲ್ವಾ?" ಎಂದು ಕೆಣಕಿ ನೋಡಿದ. "ಯಾರ ಪೈಕಿಯಾದ್ರೇನು, ಹೊಡಿ," ಎಂದರು ಅಣ್ಣ.

ಕಥೆ ಮುಗಿದ ಮೇಲೆ ಇನ್ನೊಂದು ಶುರುಮಾಡೋಣ ಎಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಒಬ್ಬರಿಗೆ ಓವರ್‌ಟೈಮ್, ಇನ್ನೊಬ್ಬರಿಗೆ ಹೆಣ್ಣು ನೋಡುವ ಕಾರ್ಯಕ್ರಮ, ಹೀಗೆ ನನ್ನ ಭಾನುವಾರ ಸದ್ದಿಲ್ಲದೆ ನಿಂತುಹೋಯಿತು. ಅಣ್ಣನ ಕಾಟದಿಂದ ಅದು ನಿಲ್ಲುತ್ತದೆ ಎಂದು ಹೆದರಿದ್ದೆ. ಅವರು ಕಾಟ ಕೊಡುವುದನ್ನು ಬಿಟ್ಟ ಮೇಲೆ ಅಲ್ಲಿ ಹೋಗಿ ಕೂರುವುದಕ್ಕೆ ಕಾರಣವೇ ಉಳಿದಿರಲಿಲ್ಲ. ಸ್ಟೋರ್ಸಿನಲ್ಲಿ ಮಾತ್ರ ಅವರು ನಿವೃತ್ತರಾಗುವ ದಿನದವರೆಗೂ ಟ್ರಾಲಿ ಆ ಬಾವಿಯನ್ನು ಸುತ್ತಿಕೊಂಡೇ ಬರುತ್ತಿತ್ತು.

ತಿಥಿಗೆ ಮೂವರೂ ಹೋದೆವು. ಈಗ ಪುಟ್ಟಸ್ವಾಮಿಗೆ ಹೊಟ್ಟೆ ಬಂದಿದೆ, ಸಲೀಮನ ತಲೆ ನರೆತಿದೆ, ನನಗೆ ಎಲ್ಲದಕ್ಕೂ ದಣಿವು. ಚಿಕ್ಕ ಶೀಟಿನ ಮನೆ, ಮುಂದೆ ಶಾಮಿಯಾನ. ನಮಗೆ ಅಲ್ಲಿ ಯಾರ ಪರಿಚಯವೂ ಇಲ್ಲ. ಫೋಟೋಗೆ ಕೈ ಮುಗಿದು, ಸೆಕೆಂಡ್ ಶಿಫ್ಟಿನ ಬಸ್ಸಿಗೆ ಹೊತ್ತಾಯಿತೆಂದು ಸುಮ್ಮನೆ ಹೊರಟಿದ್ದೆವು. ಗೇಟಿನ ಹತ್ತಿರ ಹಿಂದಿನಿಂದ ಒಂದು ಹೆಂಗಸಿನ ದನಿ ಕೇಳಿತು.

"ಒಸಿ ತಡೀರಪ್ಪ."

ಮೂವರೂ ನಿಂತೆವು. ಫೋಟೋದ ಪಕ್ಕ ಕೂತಿದ್ದ ಅಣ್ಣನ ಹೆಂಡತಿ. ಹತ್ತಿರ ಬಂದು ಕಣ್ಣು ಕಿರಿದು ಮಾಡಿ ಒಬ್ಬೊಬ್ಬರ ಮುಖವನ್ನೂ ನೋಡಿದರು. "ಗುರ್ತು ಸಿಕ್ಕಲಿಲ್ಲ. ಯಾವೂರು ನಿಮ್ದು? ಯಾರ ಪೈಕಿ?"

ಕಂಪನಿಯವರು ಎನ್ನಲು ಬಾಯಿ ತೆರೆದೆ, ಆ ಅಂಗಳದಲ್ಲಿ ನಿಂತು ಆ ಮಾತು ಹೊರಡಲಿಲ್ಲ. ಪುಟ್ಟಸ್ವಾಮಿ ಮುಂದೆ ಬಂದ. ಒಂದು ಕಾಲದಲ್ಲಿ ಅವರಿರಬೇಕು ಇಲ್ಲ ನಾನಿರಬೇಕು ಎಂದಿದ್ದವನು.

"ಅಣ್ಣನ ಪೈಕಿ ಕಣವ್ವ," ಎಂದ.

ಆಕೆ ಇನ್ನೇನೂ ಕೇಳಲಿಲ್ಲ. "ಹಂಗಾರೆ ಉಣ್ದೆ ಹೋಗಂಗಿಲ್ಲ," ಎಂದು ಒಳಗೆ ಎಲೆ ಹಾಕಲು ಹೇಳಿದರು. ನಾವು ಚಪ್ಪಲಿ ಬಿಟ್ಟು ವಾಪಸ್ಸು ಬಂದು ಮನೆಯವರ ಸಾಲಿನಲ್ಲಿ ಕೂತೆವು. ಆವತ್ತು ಮೂವರೂ ಶಿಫ್ಟಿಗೆ ಹೋಗಲಿಲ್ಲ.